ನನ್ನ ಮಾತಿನ ಫೈಲು

ಮುಚ್ಚಿದ ಕೋಣೆಯಲ್ಲಿ ನಾನು ಅತ್ತು ಹೇಳಿದ ಮಾತೊಂದು ಎಂಟು ದಿನ ಕಳೆಯುವುದರೊಳಗೆ ನಮ್ಮ ಸೂಪರ್‌ವೈಜರನ ಬಾಯಿಂದ ನನಗೇ ವಾಪಸು ಬಂತು. ಅವನು ಅದನ್ನು ಹತ್ತು ಹನ್ನೆರಡು ಜನರ ಎದುರಿಗೆ, ಚಹಾದ ಕಪ್ಪು ಕೈಯಲ್ಲಿ ಹಿಡಿದು, ಕ್ರಿಕೆಟ್ ಸ್ಕೋರು ಹೇಳುವವನ ಹಾಗೆ ಹೇಳಿದ. "ಬಟನ್ ಕಟ್ಟಿದ್ದು ನೀನೇ ಅಂತೆ. ಈಗ ಕಾಗದದ ಮೇಲೆ ಬಂದಿದೆ." ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನೂ ಬಯಸಿಲ್ಲ. ಇಳಿದರೆ ಮರೆತುಬಿಡುತ್ತೇನೆ, ಮರೆತರೆ ಅವರಿಗೆ ಒಳ್ಳೆಯದಾಗುತ್ತದೆ.

ನಾನು ಕಲಬುರಗಿ ಕಡೆಯವನು. ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ಮನೆಯಲ್ಲಿ ನಾವು ಆಡುವುದು ದಖನಿ, ಆದರೆ ಮಾಸ್ತರರು ಕಲಿಸಿದ್ದು ಕನ್ನಡ, ಹಾಗಾಗಿ ಓದು ಬರಹ ಏನಿದ್ದರೂ ನನಗೆ ಕನ್ನಡದಲ್ಲೇ. ಇಪ್ಪತ್ತಾರು ವರ್ಷದಿಂದ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪವರ್ ಪ್ರೆಸ್ ನಡೆಸಿದ್ದೇನೆ. ಈ ಶಹರದಲ್ಲಿ ಎಲ್ಲಿಯೇ ಸಹಿ ಕೇಳಿದರೂ ಕನ್ನಡದಲ್ಲೇ ಹಾಕಿದ್ದೇನೆ. ಒಮ್ಮೆ ಬ್ಯಾಂಕಿನವನು "ಇಂಗ್ಲಿಷ್‌ನಲ್ಲಿ ಹಾಕಲು ಬರುವುದಿಲ್ಲವೇ" ಎಂದ. "ಬರತದ, ಆದ್ರ ಅದು ನನ್ನ ಸಹಿ ಅಲ್ಲ" ಎಂದೆ. ಅವನು ಕಾಗದ ಒಳಗೆ ಎಳೆದುಕೊಂಡ.

ಪ್ರೆಸ್ಸಿನ ವಿಷಯ ಹೇಳಬೇಕು. ಹೇಳದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಬಾಗಿಲಿನ ಬಿಜಾಗರಿ ಹೊಡೆಯುತ್ತಾರೆ. ತಗಡನ್ನು ಅಚ್ಚಿನ ಕೆಳಗೆ ಇಡಬೇಕು, ಬಟನ್ ಒತ್ತಬೇಕು, ಮೇಲಿನಿಂದ ಅಚ್ಚು ಬಂದು ಬೀಳುತ್ತದೆ. ಮಶೀನಿಗೆ ಬಟನ್ ಎರಡು, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಕೂಡಿಯೇ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ಎರಡೂ ಕೈ ಬಟನ್ ಮೇಲೆ ಇದ್ದಾಗ ಯಾವ ಕೈಯೂ ಅಚ್ಚಿನ ಕೆಳಗೆ ಇರುವುದಿಲ್ಲ. ಮಶೀನು ಮಾಡಿದವನು ಬುದ್ಧಿವಂತ. ಆದರೆ ಹಾಗೆ ನಡೆಸಿದರೆ ಮೇಲಿನವರು ಕೇಳಿದಷ್ಟು ಮಾಲು ಎಂದೂ ಆಗುವುದಿಲ್ಲ. ಅದಕ್ಕೆ ನಾವು ಒಂದು ಬಟನ್ನಿಗೆ ಕಟ್ಟಿಗೆಯ ಚೂರು ಇಟ್ಟು ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುತ್ತಿದ್ದೆವು. ಆಗ ಒಂದು ಕೈ ತಗಡು ಇಡುತ್ತದೆ, ಇನ್ನೊಂದು ಒತ್ತುತ್ತದೆ. ಸೂಪರ್‌ವೈಜರ್ ಗಂಟೆಗೊಮ್ಮೆ ಆ ಪಟ್ಟಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದ. ಸರಕಾರಿ ಇನ್‌ಸ್ಪೆಕ್ಟರ್ ಬರುವ ದಿನ "ಪಟ್ಟಿ ಬಿಚ್ಚಿ" ಎಂದು ಕೂಗುತ್ತಿದ್ದವನೂ ಅವನೇ. ಇನ್‌ಸ್ಪೆಕ್ಟರ್ ಗೇಟು ದಾಟಿದ ಮೇಲೆ ಯಾರೂ ಏನೂ ಕೂಗಬೇಕಿರಲಿಲ್ಲ, ಎಲ್ಲ ಮಶೀನಿಗೂ ಪಟ್ಟಿ ಮತ್ತೆ ಬೀಳುತ್ತಿತ್ತು.

ಎಲ್ಲರಿಗಿಂತ ಹಳಬ ನಾನು, ಹಾಗಾಗಿ ಹೊಸಬರ ಮಶೀನಿಗೆ ಪಟ್ಟಿ ಕಟ್ಟಿಕೊಡುವವನೂ ನಾನೇ. ನನ್ನ ಗಂಟು ಜಾರುವುದಿಲ್ಲ ಎಂಬ ಹೆಸರು ಇತ್ತು. ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಪಕ್ಕದ ಮಶೀನಿನವನು ನಮ್ಮೂರಿನ ಪಕ್ಕದ ಊರಿನವನು. ಎರಡು ಮಕ್ಕಳ ತಂದೆ. ಅವನ ದೇವರು ಬೇರೆ, ನನ್ನ ದೇವರು ಬೇರೆ. ಆದರೂ ಮುಂಬಯಿಗೆ ಬಂದ ಮೊದಲ ವಾರದಿಂದ ಅವನು ನನ್ನನ್ನು ಮಾಮಾ ಎಂದ, ನಾನು ಅವನನ್ನು ಅಳಿಯಾ ಎಂದೆ, ಹಾಗೇ ಉಳಿಯಿತು. ಒಂದು ಮಧ್ಯಾಹ್ನ ಅವನು ಚಹಾ ಮುಗಿಸಿ ಬಂದು ಹದಿನೈದು ನಿಮಿಷವೂ ಆಗಿರಲಿಲ್ಲ, ತಗಡು ಓರೆಯಾಯಿತು, ಸರಿಮಾಡಲು ಬಲಗೈ ಒಳಗೆ ಹಾಕಿದ, ಎಡಗೈ ರೂಢಿಯಂತೆ ಬಟನ್ ಒತ್ತಿತು. ಬಲಗೈಯ ಮೂರು ಬೆರಳು ಹೋದವು. ಅವನ ಮಶೀನಿನ ಪಟ್ಟಿ ನಾನು ಕಟ್ಟಿದ್ದು. ಗಂಟು ಜಾರಿರಲಿಲ್ಲ.

ಮರುದಿನದಿಂದ ನನ್ನ ಬಲಗೈ ಬಟನ್ ಹತ್ತಿರ ಹೋಗಲೊಲ್ಲದು. ಊಟ ಮಾಡುತ್ತದೆ, ಕೊಡ ಎತ್ತುತ್ತದೆ, ಲೋಕಲ್‌ನಲ್ಲಿ ಸರಳು ಹಿಡಿಯುತ್ತದೆ. ಮಶೀನಿನ ಮುಂದೆ ಮಾತ್ರ ಮೊಣಕೈಯಿಂದ ಕೆಳಗೆ ಕಟ್ಟಿಗೆ. ನಾಟಕ ಎಂದರು ಕೆಲವರು. ಆಫೀಸಿನವರು ನನ್ನನ್ನು ಶನಿವಾರ ಬಂದು ಮಾತಾಡಿಸುವ ಕೌನ್ಸೆಲರ್ ಹತ್ತಿರ ಕಳಿಸಿದರು.

ಕಂಪನಿಯೇ ಇಟ್ಟುಕೊಂಡ ಮನುಷ್ಯ ಅವರು. ಕ್ಯಾಂಟೀನಿನ ಪಕ್ಕದ ಎಸಿ ಕೋಣೆಯಲ್ಲಿ ಕೂರುತ್ತಿದ್ದರು. ಹೋದ ಕೂಡಲೇ ನಾಲ್ಕು ಹಾಳೆಯ ಇಂಗ್ಲಿಷ್ ಕಾಗದ ಮುಂದಿಟ್ಟು "ಫಾರ್ಮಾಲಿಟಿ, ಇಲ್ಲಿ ಸಹಿ ಹಾಕಿ" ಎಂದು ಹಿಂದಿಯಲ್ಲಿ ಹೇಳಿದರು. ಹಾಕಿದೆ. ಕೂಲಿ ಮಾಡುವವರು ಕಾಗದ ಓದುವುದಿಲ್ಲ. ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತೇವೆ, ಯಾಕೆಂದರೆ ಓದುತ್ತ ಕೂತರೆ ಮೇಜಿನ ಆ ಕಡೆಯವರು ವಾಚು ನೋಡುತ್ತಾರೆ.

ಆಮೇಲೆ ಅವರು ನನ್ನ ಗಡ್ಡ ನೋಡಿದರು. "ನಿಮ್ಮ ಜನರಲ್ಲಿ ಸಿಟ್ಟು ಜಾಸ್ತಿ ಅಲ್ಲವೇ? ಮನೆಯಲ್ಲಿ ಹೊಡೆಯುತ್ತೀರಾ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ನನಗೆ ಒಮ್ಮೆ ಲಟ್ಟಣಿಗೆ ತೋರಿಸಿದ್ದಾಳೆ, ನಾನು ಅವಳಿಗೆ ಬೆರಳೂ ತೋರಿಸಿಲ್ಲ. ಅದನ್ನೇ ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು. ಕಣ್ಣು ಮುಚ್ಚಿ ಹಿಮದ ಬೆಟ್ಟ ನೆನೆಯಿರಿ ಎಂದರು. ನಾನು ಹಿಮ ನೋಡಿದ್ದು ಮೀನು ಮಾರುವವರ ಬುಟ್ಟಿಯಲ್ಲಿ. ಅದನ್ನೇ ನೆನೆದೆ.

ಆದರೂ ಮೂರನೇ ಶನಿವಾರ ನನ್ನ ಬಾಯಿ ತೆರೆಯಿತು. ಎದೆಯಲ್ಲಿ ಇಟ್ಟುಕೊಂಡು ಇಟ್ಟುಕೊಂಡು ಸಾಕಾಗಿತ್ತು. "ಸರ್, ಪಟ್ಟಿ ಕಟ್ಟಿದವನು ನಾನು. ಸೂಪರ್‌ವೈಜರ್ ದಿನಾ ನೋಡುತ್ತಿದ್ದ. ಕಟ್ಟದಿದ್ದರೆ ಮಾಲು ಆಗುತ್ತಿರಲಿಲ್ಲ. ಆದರೆ ಕಟ್ಟಿದ ಕೈ ನನ್ನದು." ಹೇಳುತ್ತ ಅತ್ತೆ. ಅಪ್ಪನ ಮಯ್ಯತ್ತಿನಲ್ಲಿ, ಮಣ್ಣು ಕೊಡುವಾಗ, ಅತ್ತದ್ದು ಬಿಟ್ಟರೆ ಅದೇ. ಅವರು ಕಾಗದದ ಕರವಸ್ತ್ರ ಕೊಟ್ಟರು. ನಾನು ಎರಡೂ ಕೈ ಹಿಡಿದು ಉಪಕಾರ ಆಯಿತು ಎಂದೆ. ಆ ಸಂಜೆ ಸ್ಟೇಷನ್ ಹೊರಗೆ ಸೀತಾಫಲ ಕೊಂಡು ಮನೆಗೆ ಹೋದೆ. ಹೆಂಡತಿ "ಏನಜೀ, ಮುಖ ಹಗುರ ಕಾಣಸ್ತದ" ಎಂದಳು.

ಆ ಉಪಕಾರದ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎಂಟು ದಿನಕ್ಕೆ ಸೂಪರ್‌ವೈಜರ್ ಚಹಾ ಕಪ್ಪು ಹಿಡಿದು ಬಂದದ್ದು ಹೇಳಿದೆನಲ್ಲ. ಮಶೀನಿನಿಂದ ನನ್ನನ್ನು ತೆಗೆದು ಪ್ಯಾಕಿಂಗಿಗೆ ಹಾಕಿದರು. ರಟ್ಟಿನ ಡಬ್ಬಿಗೆ ಟೇಪು ಅಂಟಿಸುವ ಕೆಲಸ. ಅಷ್ಟಕ್ಕೇ ಬಿಡಲಿಲ್ಲ. ಅಳಿಯನ ಮನೆಯವರು ಆಫೀಸಿಗೆ ಬಂದು ಕೇಳಿದಾಗ, "ಕಂಪನಿಯ ತಪ್ಪೇನಿಲ್ಲ. ನಿಮ್ಮವನೇ ಕಟ್ಟಿದ್ದು, ಅವನೇ ಒಪ್ಪಿಕೊಂಡಿದ್ದಾನೆ, ಹೋಗಿ ಅವನನ್ನು ಕೇಳಿ" ಎಂದು ಹೇಳಿ ಕಳಿಸಿದರು. ಅವತ್ತಿನಿಂದ ಅಳಿಯ ನನ್ನ ಫೋನ್ ಎತ್ತಲಿಲ್ಲ. ಅವನ ಖೋಲಿಗೆ ಹೋದೆ, ಬೀಗ. ಹೆಂಡತಿ ಮಕ್ಕಳನ್ನು ಕರಕೊಂಡು ಧಾರಾವಿಗೆ, ಹೆಂಡತಿಯ ಅಣ್ಣನ ಮನೆಗೆ ಹೋದ ಎಂದರು ಪಕ್ಕದವರು.

ನನ್ನ ಮಶೀನಿನ ಕೆಲಸ ಹೋದದ್ದಕ್ಕೆ ನಾನು ಅಷ್ಟು ಉರಿಯಲಿಲ್ಲ. ಕೈಯಿದ್ದವನು ಎಲ್ಲಾದರೂ ದುಡಿಯುತ್ತಾನೆ. ಅಳಿಯನ ಮುಂದೆ ಕೂತು ನಾನೇ ಹೇಳಬೇಕಾಗಿದ್ದ ಮಾತನ್ನು ಇವರು ಕದ್ದು, ಅರ್ಧ ಮುರಿದು, ನನಗಿಂತ ಮೊದಲು ಅವನಿಗೆ ತಲುಪಿಸಿದರು. ಹೋದದ್ದು ಆ ಸಂಬಂಧ. ಅದನ್ನು ಹೇಗೆ ವಾಪಸು ತರುವುದು ತಿಳಿಯಲಿಲ್ಲ.

ಕೈ ತೋರಿಸಲು ದೊಡ್ಡ ಆಸ್ಪತ್ರೆಗೆ ಹೋಗಿದ್ದಾಗ ಅಲ್ಲಿಯ ಡಾಕ್ಟರಮ್ಮ ಎಲುಬು ಸರಿ ಇದೆ, ನರ ಸರಿ ಇದೆ ಎಂದು ಹೇಳಿ ಒಂದು ಚೀಟಿ ಬರೆದು ಕೊಟ್ಟರು. ವಡಾಲದಲ್ಲಿ ಒಬ್ಬ ಥೆರಪಿಸ್ಟ್ ಇದ್ದಾರೆ, ಮಾತಾಡಿಸಿ ಮನಸ್ಸಿನ ಚಿಕಿತ್ಸೆ ಮಾಡುತ್ತಾರೆ, ಹೋಗಿ ಎಂದರು. ನಾನು ಚೀಟಿ ಮಡಿಸಿ ಟೋಪಿಯೊಳಗೆ ಇಟ್ಟೆ. ಇನ್ನೊಂದು ಮುಚ್ಚಿದ ಕೋಣೆಗೆ ಹೋಗುವಷ್ಟು ಹುಚ್ಚ ನಾನಲ್ಲ ಎಂದುಕೊಂಡೆ. ಹೆಂಡತಿ ಟೋಪಿ ಒಗೆಯುವಾಗ ಚೀಟಿ ಕಂಡಳು. ನಾನು "ನಕ್ಕೋ", ಬೇಡ ಎಂದೆ. "ನಕ್ಕೋ ಅನ್ನಾವ್ರು ಮೂರು ತಿಂಗಳಿಂದ ನಿದ್ದ್ಯಾಗ ಬಟನ್ ಒತ್ತಲತೀರಿ, ನನ್ನ ಬೆನ್ನಿಗೆ" ಎಂದಳು. ಹೋದೆ.

ಭಾನುವಾರ. ಅಂಧೇರಿಯಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದು ಹೋಗಬೇಕು. ಅವತ್ತು ಹಳಿ ರಿಪೇರಿಯ ಮೆಗಾಬ್ಲಾಕು, ಗಾಡಿ ಬಂದಾಗ ಬಂತು. ಹಳೆಯ ಕಾಲನಿಯೊಂದರ ನೆಲಮಹಡಿಯ ಮನೆ, ಹೊರಗೆ ಚಪ್ಪಲಿ, ಒಳಗೆ ಒಂದು ಉದ್ದನೆಯ ಬೆಂಚು. ಬೆಂಚಿನ ಮೇಲೆ ಉಗುರಿಗೆ ಬಣ್ಣ ಹಚ್ಚಿದ ಕಾಲೇಜು ಹುಡುಗ, ಚೀಲ ತೊಡೆಯ ಮೇಲಿಟ್ಟುಕೊಂಡ ಮನೆಗೆಲಸದ ಹೆಂಗಸು, ಜರಿಸೀರೆ ಉಟ್ಟ ಒಬ್ಬ ಮಂಗಳಮುಖಿ. ನನಗೆ ಸಿಟ್ಟು ಬಂತು. ಮರ್ಯಾದೆಯಿಂದ ದುಡಿದು ತಿನ್ನುವ ನನ್ನನ್ನು ಎಂಥವರ ಸಾಲಿನಲ್ಲಿ ಕೂಡಿಸಿದರು ಎಂದುಕೊಂಡೆ. ಹೀಗೆ ಅಂದುಕೊಂಡದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ. ಜರಿಸೀರೆಯವಳು ಸರಿದು ಜಾಗ ಮಾಡಿ, "ಕೂಡಿ ಚಾಚಾ, ಇಲ್ಲಿ ಹೆಸರು ಕೂಗುವುದಿಲ್ಲ, ನಂಬರ್ ಕೂಗುತ್ತಾರೆ" ಎಂದಳು ಹಿಂದಿಯಲ್ಲಿ. ಗೋಡೆಯ ಮೇಲೆ ಒಂದು ಬೋರ್ಡು, ಅದೇ ಮಾತು ಐದಾರು ಭಾಷೆಯಲ್ಲಿ ಬರೆದದ್ದು. ಕನ್ನಡದ ಸಾಲು ಹುಡುಕಿ ಓದಿದೆ. ಇಲ್ಲಿಗೆ ಯಾರು ಬೇಕಾದರೂ ಬರಬಹುದು, ಯಾರು ಬಂದಿದ್ದರು ಎಂದು ಯಾರಿಗೂ ಹೇಳುವುದಿಲ್ಲ ಎಂದು ಇತ್ತು. ಬೋರ್ಡಿನ ಮೇಲೆ ಏನು ಬೇಕಾದರೂ ಬರೆಯಬಹುದು. ನಮ್ಮ ಕಾರ್ಖಾನೆಯಲ್ಲೂ "ಸುರಕ್ಷತೆಯೇ ಮೊದಲು" ಎಂದು ದೊಡ್ಡದಾಗಿ ಬರೆದಿದೆ.

ಒಳಗಿದ್ದ ಮೇಡಂಗೆ ಐವತ್ತರ ಆಸುಪಾಸು. ಡಾಕ್ಟರಮ್ಮನ ಚೀಟಿ ನೋಡಿ "ಉರ್ದುವಿನಲ್ಲಿ ಮಾತಾಡೋಣವೇ?" ಎಂದು ಹಿಂದಿಯಲ್ಲಿ ಕೇಳಿದರು.

"ನನಗ ಉರ್ದು ಓದಾಕ ಬರಂಗಿಲ್ಲ" ಎಂದೆ ಬಿರುಸಾಗಿ. "ಕನ್ನಡ ಬರತದ. ನಿಮಗ ಬರಲಿಕ್ಕಿಲ್ಲ."

ಅವರು ಕನ್ನಡದಲ್ಲೇ ಹೇಳಿದರು. "ತಪ್ಪಾಯಿತು. ಹೆಸರು ನೋಡಿ ಊಹಿಸಿಬಿಟ್ಟೆ. ಕೇಳಬೇಕಿತ್ತು."

ಮೈಸೂರು ಕಡೆಯ ಕನ್ನಡ, ಅದೂ ಅಜ್ಜಿಯ ಜತೆ ಆಡಿ ಉಳಿಸಿಕೊಂಡದ್ದಂತೆ. ನಡುನಡುವೆ ಶಬ್ದ ಹುಡುಕುತ್ತಿದ್ದರು. ಆದರೆ ನನಗೆ ಹಿಡಿಸಿದ್ದು ಭಾಷೆ ಅಲ್ಲ. ಮೇಜಿನ ಆ ಕಡೆ ಕೂತವರು ನನಗೆ ತಪ್ಪಾಯಿತು ಎಂದದ್ದು ಈ ಶಹರದಲ್ಲಿ ಅದೇ ಮೊದಲು.

ಆಮೇಲೆ ಅವರೂ ಒಂದು ಕಾಗದ ತೆಗೆದರು. ನೋಡಿದ ಕೂಡಲೇ ನಾನು ಎದ್ದು ನಿಂತೆ.

"ಸಹಿ ಹಾಕಂಗಿಲ್ಲ."

"ಹಾಕಬೇಡಿ."

"ಹಾಕದಿದ್ರ ಹೊರಗ ಹಾಕ್ತೀರಿ."

"ಇಲ್ಲ. ನಾನು ಓದುತ್ತೇನೆ, ನೀವು ಕೇಳಿ. ಒಪ್ಪಿಗೆಯಾದರೆ ಬಾಯಲ್ಲಿ ಹೇಳಿ, ಸಾಕು. ಆಗದಿದ್ದರೆ ಚಹಾ ಕುಡಿದು ಹೋಗಿ."

ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಅದನ್ನು ನೋಡಿ ಕೂತೆ. ಅವರು ಒಂದೊಂದೇ ಸಾಲು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿ ಓದಿದರು. ನಾನು ಒಂದೊಂದು ಸಾಲಿಗೂ ಜಗಳ ತೆಗೆದೆ.

"ನೀವು ಹೇಳಿದ್ದು ಈ ಕೋಣೆಯಲ್ಲೇ ಇರುತ್ತದೆ."

"ಯಾರಿಗೂ ಹೇಳಂಗಿಲ್ಲ?"

"ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಹೇಳಬೇಕಾಗುತ್ತದೆ. ಕೋರ್ಟು ಕೇಳಿದರೆ ಹೇಳಬೇಕಾಗಬಹುದು. ಹಾಗೆ ಹೇಳುವ ಮೊದಲು, ಆಗುವಷ್ಟು ಮಟ್ಟಿಗೆ, ನಿಮಗೆ ತಿಳಿಸುತ್ತೇನೆ."

"ಕಂಪನಿ ಕೇಳಿದ್ರ?"

"ಕೇಳಿದರೆ ನೀವು ಯಾರೋ ನನಗೆ ಗೊತ್ತೇ ಇಲ್ಲ."

"ನೀವು ಬರಕೊಂಡದ್ದು?"

"ನೀವು ಕೇಳಿದರೆ ತೋರಿಸಬೇಕು. ಅದು ನಿಮ್ಮ ಹಕ್ಕು. ಯಾವಾಗ ಬೇಕಾದರೂ ಬರುವುದು ನಿಲ್ಲಿಸಬಹುದು, ಕಾರಣ ಹೇಳಬೇಕಿಲ್ಲ. ನಾನು ಸರಿಬರದಿದ್ದರೆ ಬೇರೆಯವರ ವಿಳಾಸ ಕೊಡುತ್ತೇನೆ. ನಿಮ್ಮ ಜಾತಿ, ಧರ್ಮ, ಓದು, ನೀವು ಯಾರ ಜತೆ ಬದುಕುತ್ತೀರಿ, ಯಾವುದಕ್ಕೂ ಇಲ್ಲಿ ಮಾತು ಬದಲಾಗುವುದಿಲ್ಲ. ನಾನು ತಪ್ಪಾಡಿದರೆ ಹೇಳಿ."

"ಆಡೀರಿ ಆಗಲೇ ಒಂದು."

"ಹೌದು. ಲೆಕ್ಕದಲ್ಲಿ ಇಟ್ಟುಕೊಳ್ಳಿ."

ನಾನು ಚಹಾ ಕುಡಿದೆ. ಬಾಯಲ್ಲಿ ಹ್ಞೂಂ ಎಂದೆ. ಮನಸ್ಸಿನಲ್ಲಿ ಎನ್ನಲಿಲ್ಲ.

ಮಶೀನು ರಿಪೇರಿಯಾಗಿ ಬಂದರೆ ನಾವು ಒಳ್ಳೆ ತಗಡು ಹಾಕುವುದಿಲ್ಲ, ಮೊದಲು ರದ್ದಿ ತಗಡು ಹಾಕಿ ಹೊಡೆದು ನೋಡುತ್ತೇವೆ. ಅದೇ ಮಾಡಿದೆ. ಮುಂದಿನ ಭಾನುವಾರ ಅವರಿಗೆ ಒಂದು ಸುಳ್ಳು ಹೇಳಿದೆ. ವಸಯಿಯ ಒಂದು ಕಾರ್ಖಾನೆಯವರು ನನ್ನನ್ನು ಕರೆದಿದ್ದಾರೆ, ನಮ್ಮ ಕಂಪನಿಯ ಅಚ್ಚಿನ ಅಳತೆಯೆಲ್ಲ ಹೇಳಿಕೊಡುತ್ತೇನೆ ಎಂದಿದ್ದೇನೆ ಎಂದೆ. ಈ ಮಾತು ಕಂಪನಿಗೆ ಮುಟ್ಟಿದರೆ ಸೂಪರ್‌ವೈಜರ್ ಮರುದಿನವೇ ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದ. ಕಾದೆ. ಒಂದು ವಾರ, ಎರಡು ವಾರ, ನಾಲ್ಕು ವಾರ. ಅವನು ನನ್ನ ಹತ್ತಿರ ಬಂದದ್ದು ಒಂದೇ ಸಲ, ಟೇಪು ಜಾಸ್ತಿ ಬಳಸುತ್ತೀಯ ಎಂದು ಬೈಯಲು. ಅಷ್ಟು ಖುಷಿಯಿಂದ ನಾನು ಬೈಸಿಕೊಂಡದ್ದು ಎಂದೂ ಇಲ್ಲ.

ಆರನೇ ಭಾನುವಾರ ಮೇಡಂಗೆ ನಿಜ ಹೇಳಿದೆ. "ವಸಯಿದು ಸುಳ್ಳು ಇತ್ರಿ."

ಅವರು ಸಿಟ್ಟಾಗಲಿಲ್ಲ. "ಪರೀಕ್ಷೆಯಲ್ಲಿ ನಾನು ಪಾಸೇ?"

"ಸದ್ಯ ಪಾಸು" ಎಂದೆ. ಅವತ್ತು ಪಟ್ಟಿಯ ವಿಷಯ ಪೂರ್ತಿ ಹೇಳಿದೆ. ಕೌನ್ಸೆಲರನ ವಿಷಯವನ್ನೂ ಹೇಳಿದೆ.

ಮೇಡಂ "ಅವರು ಮಾಡಿದ್ದು ತಪ್ಪು" ಎಂದರು. ಬರೀ ಅಷ್ಟು. ಆ ಮನುಷ್ಯನನ್ನು ಬೈಯಲಿಲ್ಲ, ಪಾಪ ಎಂದು ನನ್ನ ಬೆನ್ನು ತಟ್ಟಲೂ ಇಲ್ಲ. "ಅಲ್ಲಿ ನಿಮ್ಮ ಬಗ್ಗೆ ಬರೆದದ್ದನ್ನು ಕೇಳುವ ಹಕ್ಕು ನಿಮಗಿದೆ. ಕಾನೂನು ಇದೆ. ಬೇಕಾದರೆ ಅರ್ಜಿ ಬರೆಯಲು ಸಹಾಯ ಮಾಡುತ್ತೇನೆ. ಬೇಡವಾದರೆ ಬೇಡ."

"ಅರ್ಜಿ ನನಗ ಬರೀಲಾಕ ಬರತದ" ಎಂದೆ.

ಕನ್ನಡದಲ್ಲೇ ಬರೆದೆ, ನಾಲ್ಕು ಸಾಲು. ಶನಿವಾರ ಆ ಎಸಿ ಕೋಣೆಗೆ ಹೋದೆ. ಹೊರಗೆ ಐದಾರು ಮಂದಿ ಸರದಿಯಲ್ಲಿ ಕೂತಿದ್ದರು. ಕೌನ್ಸೆಲರ್ ಅರ್ಜಿಯನ್ನು ತಿರುವಿ ಮುರುವಿ ನೋಡಿ ಏನಿದು ಎಂದರು.

"ನನ್ನ ಫೈಲು ಬೇಕು ಸರ್. ನಾನು ಆಡಿದ ಮಾತು ನನಗೆ ಕೊಡಿ."

"ಅದು ಕಂಪನಿಯ ರೆಕಾರ್ಡು. ಮತ್ತೆ, ಹಂಚಿಕೊಳ್ಳಲು ಒಪ್ಪಿಗೆ ಇದೆ ಎಂದು ನೀವೇ ಸಹಿ ಹಾಕಿದ್ದೀರಿ." ಆ ನಾಲ್ಕು ಹಾಳೆ ತೆಗೆದು ತೋರಿಸಿದರು. ಕೆಳಗೆ ನನ್ನ ಸಹಿ.

"ಆ ಸಹಿ ಓದಿ ಸರ್."

"ಇದು ಯಾವ ಲಿಪಿಯೋ."

"ನನ್ನ ಎರಡು ಅಕ್ಷರ ನಿಮಗೆ ಓದಲು ಬರುವುದಿಲ್ಲ. ನಿಮ್ಮ ನಾಲ್ಕು ಹಾಳೆ ನನಗೆ ಹೇಗೆ ಓದಲು ಬರುತ್ತದೆ? ಯಾರು ಓದಿ ಹೇಳಿದರು ನನಗೆ?"

ಅವರು ವಾಚು ನೋಡಿದರು. ನಾನು ಏಳಲಿಲ್ಲ. ಬಾಗಿಲು ತೆರೆದೇ ಇತ್ತು. ಹೊರಗಿನವರಿಗೆ ಕೇಳುವ ಹಾಗೆ, ಆದರೆ ಕೂಗದೆ ಹೇಳಿದೆ. "ಭಾಯ್ ಲೋಗ್, ಇಲ್ಲಿ ಹೇಳಿದ್ದು ಮೇಲಕ್ಕೆ ಹೋಗುತ್ತದೆ. ನಂದು ಹೋಗಿದೆ. ಏನು ಹೇಳಬೇಕು ಎಂದು ಮೊದಲೇ ಯೋಚಿಸಿಕೊಳ್ಳಿ." ಒಬ್ಬ ಎದ್ದ. ಇನ್ನೊಬ್ಬ ಎದ್ದ. ಬೆಂಚು ಖಾಲಿಯಾಗುವುದು ನನಗೆ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಕಾನೂನಿಗೆ ಹೆದರಿದರೋ ಖಾಲಿ ಬೆಂಚಿಗೆ ಹೆದರಿದರೋ, ಊಟದ ಗಂಟೆಯ ಹೊತ್ತಿಗೆ ಆರು ಹಾಳೆಯ ಝೆರಾಕ್ಸು ನನ್ನ ಕೈಗೆ ಬಂತು.

ಎಲ್ಲ ಇಂಗ್ಲಿಷ್. ಮನೆಯಲ್ಲಿ ಮಗಳು ಹನ್ನೆರಡನೇ ಇಯತ್ತೆಯಲ್ಲಿದ್ದಾಳೆ, ಫಟಾಫಟ್ ಓದುತ್ತಾಳೆ. ಆದರೆ ಅಪ್ಪ ಅತ್ತದ್ದನ್ನು ಮಗಳ ಬಾಯಿಂದ ಓದಿಸುವುದೇ? ಹಾಳೆ ಎದೆಜೇಬಿನಲ್ಲಿಟ್ಟುಕೊಂಡು ಭಾನುವಾರದ ತನಕ ತಿರುಗಿದೆ.

"ಯಾರು ಓದಬೇಕು ಎಂದು ನೀವೇ ಹೇಳಿ" ಎಂದರು ಮೇಡಂ.

"ನೀವೇ ಓದ್ರಿ."

ಓದಿದರು. ಮೊದಲ ಹಾಳೆಯಲ್ಲೇ ನಿಲ್ಲಿಸಿ, "ಇಲ್ಲಿ ಕೆಟ್ಟದಾಗಿ ಬರೆದಿದ್ದಾರೆ. ಓದಲೇ, ಬಿಡಲೇ?" ಎಂದು ಕೇಳಿದರು. ಓದಿ ಎಂದೆ. ಓದು ಕಡಿಮೆ, ಮನಸ್ಸಿನಲ್ಲಿದ್ದದ್ದನ್ನು ಹೇಳುವ ಶಕ್ತಿ ಕಡಿಮೆ ಎಂದಿತ್ತು. ಸಮುದಾಯದ ಹಿನ್ನೆಲೆಯಿಂದಾಗಿ ಸಿಟ್ಟಿನ ಸ್ವಭಾವ ಇರಬಹುದು ಎಂದಿತ್ತು. ಕೊನೆಯ ಹಾಳೆಯಲ್ಲಿ, ಬಟನ್ ಕಟ್ಟಿದ್ದು ತಾನೊಬ್ಬನೇ ಎಂದು ಒಪ್ಪಿಕೊಂಡಿದ್ದಾನೆ ಎಂದಿತ್ತು.

"ಸೂಪರ್‌ವೈಜರಂದು?"

"ಅವರ ಸುದ್ದಿ ಇಲ್ಲ."

"ದಿನಾ ನೋಡ್ತಿದ್ದ ಅಂದಿದ್ದೆ. ಮಾಲು ಆಗ್ತಿರಲಿಲ್ಲ ಅಂದಿದ್ದೆ."

ಮೇಡಂ ಇನ್ನೊಮ್ಮೆ ಎಲ್ಲ ಹಾಳೆ ನೋಡಿದರು. "ಇಲ್ಲ. ಎಲ್ಲೂ ಇಲ್ಲ."

ನನ್ನದು ಹೇಳುವ ಶಕ್ತಿ ಕಡಿಮೆಯಂತೆ. ಮೂರು ಮಾತು ಹೇಳಿದ್ದೆ. ಎಂಎ ಮಾಡಿದ ಮನುಷ್ಯ ಅದರಲ್ಲಿ ಒಂದನ್ನು ಮಾತ್ರ ಬರೆದುಕೊಂಡ. ತಗಡು ಕತ್ತರಿಸಿದ ಹಾಗೆ ಕಂಪನಿಗೆ ಬೇಕಾದ ಆಕಾರಕ್ಕೆ ನನ್ನ ಮಾತನ್ನು ಕತ್ತರಿಸಿ, ಉಳಿದದ್ದನ್ನು ರದ್ದಿಗೆ ಹಾಕಿದ. ನಾನು ಮೇಜಿನ ಮೇಲೆ ಕೈ ಗುದ್ದಿದೆ. ಚಹಾ ಚೆಲ್ಲಿತು. ಮೇಡಂ ಕಾಗದ ಎತ್ತಿ ಹಿಡಿದು, ಬಟ್ಟೆ ತಂದು ಒರೆಸಿದರು. ಕೈ ನೋಡಿಕೊಂಡೆ. ಗುದ್ದಿದ್ದು ಬಲಗೈ.

"ಅಳಿಯನ ಹತ್ರ ಹೋಗಲೇನ್ರಿ?" ಎಂದು ಕೇಳಿದೆ.

"ಅದನ್ನು ನಾನು ಹೇಳಲಾರೆ. ಮಾತು ನಿಮ್ಮದು. ಯಾರಿಗೆ ಹೇಳಬೇಕು ಎನ್ನುವುದೂ ನಿಮ್ಮದೇ. ಹೋದರೆ ಏನಾಗಬಹುದು ಎಂದು ಕೂತು ಯೋಚಿಸೋಣ."

ಯೋಚಿಸಿದೆವು. ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಹೊಡೆಯಬಹುದು. ಮೂರಕ್ಕೂ ತಯಾರಾಗಿ ಹೋದೆ.

ಧಾರಾವಿಯಲ್ಲಿ ತೊಗಲಿನ ಚೀಲ ಹೊಲಿಯುವ ಗಾಳೆಗಳ, ಸಣ್ಣ ಸಣ್ಣ ಕೆಲಸದ ಕೋಣೆಗಳ, ಹಿಂದಿನ ಗಲ್ಲಿ. ಹೆಂಡತಿಯ ಅಣ್ಣನ ಗಾಳೆಯ ಹೊಸ್ತಿಲ ಮೇಲೆ ಅಳಿಯ ಕೂತಿದ್ದ. ಎಡಗೈಯಿಂದ ಚೀಲದ ಬಕಲುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ಬಲಗೈ ಅಂಗಿಯ ಜೇಬಿನಲ್ಲಿತ್ತು.

"ಬಂದ್ಯಾ ಮಾಮಾ" ಎಂದ ತಲೆ ಎತ್ತದೆ. "ಇಲ್ಲಿ ಯಾವ ಬಟನ್ನೂ ಇಲ್ಲ ಕಟ್ಟಾಕ."

ನಿಂತೇ ಹೇಳಿದೆ. "ಅಳಿಯಾ, ನಿನ್ನ ಮಶೀನಿಗೆ ಪಟ್ಟಿ ಕಟ್ಟಿದಾಂವ ನಾನು. ಸೂಪರ್‌ವೈಜರ್ ದಿನಾ ನೋಡ್ತಿದ್ದ. ಕಟ್ಟದಿದ್ರ ಮಾಲು ಆಗ್ತಿರಲಿಲ್ಲ. ಆದ್ರ ಕಟ್ಟಿದ ಕೈ ನಂದು."

ಅವನು ಬಕಲು ಕೆಳಗಿಟ್ಟ.

"ನೀ ಕಟ್ಟಿದ್ದು ನನಗ ಗೊತ್ತಿಲ್ಲೇನು? ನೀ ಗಂಟು ಹಾಕೂವಾಗ ಟ್ಯೂಬಿನ ತುದಿ ಹಿಡಕೊಂಡು ನಿಂತಾಂವ ಯಾರು? ನಾನ. ಇನ್ನಾ ಬಿಗಿ ಮಾಮಾ ಅಂದಾಂವ ನಾನ."

ಅದನ್ನು ನಾನು ಮರೆತೇ ಬಿಟ್ಟಿದ್ದೆ.

"ನನಗ ಉರಿದದ್ದು ಬ್ಯಾರೇ. ಆಸ್ಪತ್ರ್ಯಾಗ ದಿನಾ ಬಂದು ಕುಂದರ್ತಿದ್ದಿ. ಮೋಸಂಬಿ ಸುಲಿದು ಬಾಯಾಗ ಇಡ್ತಿದ್ದಿ. ಈ ಮಾತು ಒಂದಿನ ಆಡಲಿಲ್ಲ. ಟೈ ಕಟಗೊಂಡಾಂವನ ಮುಂದ ಹೋಗಿ ಅತ್ತಿ. ಅವನ ಮುಂದ ಅಳಾಕ ಬರತದ, ನನ್ನ ಮುಂದ ಬರಂಗಿಲ್ಲ. ಹೌದಿಲ್ಲೋ?"

"ಕೋಣಿ ಮುಚ್ಚಿತ್ತೋ ಅಳಿಯಾ. ಗೋರಿಯೊಳಗ ಹೇಳ್ದಂಗ ಅಂತ ತಿಳದೆ."

"ಗೋರಿಗೆ ಎಸಿ ಇರತದೇನು?" ಎಂದ. ನಗಲಿಲ್ಲ. ಆದರೆ ಸರಿದು ಹೊಸ್ತಿಲ ಮೇಲೆ ಜಾಗ ಮಾಡಿದ.

ಕೂತೆ. ಒಳಗಿನಿಂದ ಅವನ ಹೆಂಡತಿ ನೀರು ತಂದಿಟ್ಟು ಮಾತಾಡದೆ ಹೋದಳು. ಅವಳ ಸಿಟ್ಟು ಅವಳದು, ಅದನ್ನು ಬೇಡ ಎನ್ನಲು ನಾನು ಯಾರು. ಎದೆಜೇಬಿನಿಂದ ಆರು ಹಾಳೆ ತೆಗೆದು ಅದರಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂದು ಅಳಿಯನಿಗೆ ಹೇಳಿದೆ. ಅವನು ಕೇಳುತ್ತ ಕೇಳುತ್ತ ಬಲಗೈ ಜೇಬಿನಿಂದ ಹೊರಗೆ ತೆಗೆದ. ಗಾಯ ಮಾಗಿದ ಮೇಲೆ ಅದನ್ನು ನಾನು ನೋಡಿದ್ದು ಆಗಲೇ.

"ಹಂಗಾದ್ರ ಅರ್ಧ ಮಾತು ಅವರ ಹತ್ರ ಅದ. ಉಳಿದರ್ಧ ನಾವು ಬರೀಬೇಕು" ಎಂದ.

ಅವನ ಮಗಳ ನೋಟುಬುಕ್ಕಿನಿಂದ ಹಾಳೆ ಹರಿದು ಬರೆಯಲು ಕೂತೆವು. ಲೇಬರ್ ಆಫೀಸಿಗೆ ಕೊಡುವ ಅರ್ಜಿ. ಅವನು ಹೇಳಿದ, ನಾನು ಬರೆದೆ. ಪಟ್ಟಿ ಕಟ್ಟಿದ್ದು ಯಾರು, ತುದಿ ಹಿಡಿದದ್ದು ಯಾರು, ನೋಡಿದ್ದು ಯಾರು, ಇನ್‌ಸ್ಪೆಕ್ಟರ್ ಬಂದಾಗ ಬಿಚ್ಚಿ ಎಂದು ಕೂಗಿದ್ದು ಯಾರು. ನಮ್ಮ ತಪ್ಪನ್ನೂ ಬಿಡಲಿಲ್ಲ. ಕೆಳಗೆ ನನ್ನ ಸಹಿ ಹಾಕಿ ಪೆನ್ನು ಅವನ ಎಡಗೈಗೆ ಕೊಟ್ಟೆ. ಅವನು ಹಾಕಲು ಹೋದ.

"ತಡಿ" ಎಂದೆ. "ಓದಿ ಹೇಳ್ತೀನಿ. ಕೇಳಿ ಆಮ್ಯಾಲ ಹಾಕು."

"ನಾನೇ ಹೇಳಿದ್ದಲ್ಲೇನು ಅದು?"

"ನೀ ಹೇಳಿದ್ದಕ್ಕೂ ನಾ ಬರೆದದ್ದಕ್ಕೂ ಫರಕ್ ಇರಬಹುದು. ಕೇಳು."

ಓದಿದೆ, ಒಂದೊಂದೇ ಸಾಲು. ಎರಡು ಕಡೆ ಅವನು ತಡೆದ, ತಿದ್ದಿಸಿದ. ಒಂದು ಕಡೆ ನಾನು ನನ್ನ ತಪ್ಪನ್ನು ದೊಡ್ಡದು ಮಾಡಿ ಬರೆದಿದ್ದೆ. "ಇಷ್ಟು ನಿನ್ನದಲ್ಲ, ತಗಿ" ಎಂದ. ಇನ್ನೊಮ್ಮೆ ಪೂರ್ತಿ ಓದಿಸಿದ. ಆಮೇಲೆ ನಾಲಗೆ ಕಚ್ಚಿಕೊಂಡು, ಒಂದನೇ ಇಯತ್ತೆಯ ಮಗುವಿನ ಹಾಗೆ, ಎಡಗೈಯಿಂದ ಕನ್ನಡದಲ್ಲಿ ಹೆಸರು ಬರೆದ. ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿದವು.

"ಆಫೀಸಿನಾಗ ಯಾರಿಗೂ ಓದಾಕ ಬರಂಗಿಲ್ಲ ಮಾಮಾ, ಇದು."

"ಹಿಂದಿ ಮಾಡಿಸಿ ಜೋಡಸ್ತೀನಿ. ಅದನ್ನೂ ನಿನಗ ಓದಿ ಹೇಳೇ ಕೊಡ್ತೀನಿ."

"ಮತ್ತ ಇದು?"

"ಇದು ಮ್ಯಾಲಿರಲಿ. ಓದಾಕ ಬರದಿದ್ರ ಯಾರಿಗರೆ ಕೇಳ್ಲಿ. ನಾವು ಇಷ್ಟು ದಿನ ಕೇಳಿಲ್ಲೇನು?"

ಅರ್ಜಿ ಕೊಟ್ಟಿದ್ದೇವೆ. ಇನ್ನೂ ಕರೆ ಬಂದಿಲ್ಲ. ನಾನು ಈಗಲೂ ಟೇಪು ಅಂಟಿಸುತ್ತೇನೆ, ಕೈ ಈಗಲೂ ಬಟನ್ ಹತ್ತಿರ ಹೋಗುವುದಿಲ್ಲ. ಅದಕ್ಕೆ ಸಮಯ ಬೇಕು ಎನ್ನುತ್ತಾರೆ ಮೇಡಂ. ಎಷ್ಟು ಎಂದು ಕೇಳಿದರೆ ಗೊತ್ತಿಲ್ಲ ಎಂದು ನೇರವಾಗಿ ಹೇಳುತ್ತಾರೆ. ಹೋದ ಭಾನುವಾರ ಅವರ ಆ ಮೊದಲ ದಿನದ ಕಾಗದ ಕೇಳಿ ಇಸಿದುಕೊಂಡೆ. ಈಗ ಅದನ್ನು ಕನ್ನಡದಲ್ಲಿ ಅಚ್ಚು ಮಾಡಿಸಿಟ್ಟಿದ್ದರು, ನಾನೇ ಓದಿದೆ. ಎರಡು ಕಡೆ ಅಕ್ಷರ ತಪ್ಪಿತ್ತು, ತಿದ್ದಿದೆ. ಆಮೇಲೆ ಸಹಿ ಹಾಕಿದೆ.